ಮಣ್ಣಿಗೂ ಊಟ ಬೇಕು



ಮಳೆಗಾಲ ಮುಗಿಯಿತು. ದೀಪಾವಳಿ ಬಂತು. ನಮ್ಮ ಮಂಗಳೂರಿನಲ್ಲಿ ತರಕಾರಿ ನೆಡಲಿಕ್ಕೆ ಇದು ಒಳ್ಳೆಯ ಸಮಯ. ಇವತ್ತು ನಾವು ಬೆಳ್ಳುಳ್ಳಿಯ ಬಗ್ಗೆ, ಮಣ್ಣಿನ ಬಗ್ಗೆ ಮಾತಾಡುವ.

ಬೆಳ್ಳುಳ್ಳಿ ಇಲ್ಲದ ಅಡಿಗೆಮನೆ ಕಡಿಮೆ. ಒಗ್ಗರಣೆಗೆ ಬೇಕು, ಮೀನಿನ ಮಸಾಲೆಗೆ ಬೇಕು. 2024ರ ಆರಂಭದಲ್ಲಿ ಅದರ ಬೆಲೆ ಕಿಲೋಗೆ 400 ರೂಪಾಯಿ ದಾಟಿತ್ತು. ಆಗ ನಮಗೊಂದು ಯೋಚನೆ ಬಂತು. ನಾವೇ ಯಾಕೆ ಬೆಳೆಯಬಾರದು?

ಆ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ಕಲಿಕಾ ಕೇಂದ್ರದ ಅಂಗಳದಲ್ಲಿ ಹತ್ತು ಚಟ್ಟಿ ಇಟ್ಟೆವು. ಐದು ಚಟ್ಟಿಗೆ ಬರೀ ಕೆಂಪು ಮಣ್ಣು ತುಂಬಿದೆವು. ಉಳಿದ ಐದಕ್ಕೆ ಮಣ್ಣಿನ ಜೊತೆ ಗೊಬ್ಬರ ಬೆರೆಸಿದೆವು. ಎಲ್ಲದರಲ್ಲಿಯೂ ಬೆಳ್ಳುಳ್ಳಿ ಎಸಳು ನೆಟ್ಟೆವು.

ಎಂತ ಆಯಿತು ಗೊತ್ತುಂಟಾ? ಗೊಬ್ಬರದ ಚಟ್ಟಿಯಲ್ಲಿ ಸೊಪ್ಪು ಹಸಿರಾಗಿ ಎದ್ದಿತು. ಕೆಂಪು ಮಣ್ಣಿನಲ್ಲಿ ಸೊಪ್ಪು ಹಳದಿಯಾಗಿ ಬಾಡಿತು. ಆದರೆ ಗಡ್ಡೆ ಮಾತ್ರ ಯಾವುದರಲ್ಲಿಯೂ ಸರಿಯಾಗಿ ಕಟ್ಟಲಿಲ್ಲ.

ನಮಗೆ ಬೇಸರ ಆಯಿತು. ಆಮೇಲೆ ಕಾರಣ ತಿಳಿಯಿತು. ಬೆಳ್ಳುಳ್ಳಿ ಗಡ್ಡೆ ಕಟ್ಟಲಿಕ್ಕೆ ಚಳಿ ಬೇಕು. ಗದಗ, ಹಾವೇರಿ ಕಡೆ ಅದು ಬೆಳೆಯುತ್ತದೆ. ನಮ್ಮ ಕಡಲ ತೀರದಲ್ಲಿ ಅಂಥ ಚಳಿ ಎಲ್ಲಿ ಉಂಟು? ಆದರೆ ಸೊಪ್ಪು ಚೆನ್ನಾಗಿ ಬರುತ್ತದೆ. ಅದಕ್ಕೆ ಬೆಳ್ಳುಳ್ಳಿಯದೇ ಪರಿಮಳ. ಚಟ್ನಿಗೆ, ಪಲ್ಯಕ್ಕೆ, ಮೊಟ್ಟೆಗೆ ಹಾಕಬಹುದು.

ನಾವು ಕಲಿತ ದೊಡ್ಡ ಪಾಠ ಬೇರೆ. ಬೀಜ ಒಂದೇ, ನೀರು ಒಂದೇ. ಮಣ್ಣು ಬೇರೆ ಆದ್ದರಿಂದ ಬೆಳೆ ಬೇರೆ ಆಯಿತು.

ನಮ್ಮದು ಮುರಕಲ್ಲಿನ ನೆಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ನೀರೆಲ್ಲ ಹಾಗೆಯೇ ನಿಂತರೆ ಎರಡಾಳು ಮುಳುಗಬಹುದು. ಅಷ್ಟು ಮಳೆಗೆ ಮಣ್ಣಿನ ಸಾರ ತೊಳೆದು ಹೋಗುತ್ತದೆ. ಮಣ್ಣು ಹುಳಿಯಾಗುತ್ತದೆ. ಆದ್ದರಿಂದ ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಮಣ್ಣಿಗೆ ಊಟ ಕೊಡಬೇಕು. ಆ ಊಟ ನಮ್ಮ ಮನೆಯ ಕಸದಲ್ಲೇ ಉಂಟು.

ಕಸ ಅಂದಾಗ ಒಂದು ವಿಷಯ ನೆನಪಾಗುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಜೋರು ಮಳೆ ಬಂತು. ಪಚ್ಚನಾಡಿಯಲ್ಲಿ ರಾಶಿ ಹಾಕಿದ್ದ ನಗರದ ಕಸ ಜಾರಿತು. ಕೆಳಗಿನ ಮಂದಾರ ಎಂಬ ಜಾಗಕ್ಕೆ ಹರಿಯಿತು. ತೆಂಗು, ಅಡಿಕೆ ತೋಟಗಳು ಕಸದ ಅಡಿಗೆ ಹೋದವು. ಎಷ್ಟೋ ಮನೆಯವರು ಮನೆ ಬಿಡಬೇಕಾಯಿತು. ಆ ರಾಶಿಯಲ್ಲಿ ನಮ್ಮ ಮನೆಯ ಬಾಳೆಹಣ್ಣಿನ ಸಿಪ್ಪೆಯೂ ಇತ್ತು ಅಲ್ಲವೇ? ನಮ್ಮ ಮಣ್ಣಿಗೆ ಹೋಗಬೇಕಾದ ಊಟ ಇನ್ನೊಬ್ಬರ ತೋಟವನ್ನು ಮುಚ್ಚಿತು.

ಹಾಗಾದರೆ ಎಂತ ಮಾಡುವುದು? ಒಂದು ಹಳೆಯ ಬಕೆಟು ತೆಗೆದುಕೊಳ್ಳಿ. ಅಡಿಯಲ್ಲಿ ತೂತು ಮಾಡಿ. ತೆಂಗಿನ ಸಿಪ್ಪೆಯ ತುಂಡು ಹಾಸಿ. ಮೇಲೆ ತರಕಾರಿ ಸಿಪ್ಪೆ, ಚಹಾದ ಚರಟ ಹಾಕಿ. ಒಂದು ಹಿಡಿ ಸಿಪ್ಪೆಗೆ ಎರಡು ಹಿಡಿ ತರಗೆಲೆ ಹಾಕಿ. ಸ್ವಲ್ಪ ಮಣ್ಣು ಉದುರಿಸಿ ಮುಚ್ಚಿ. ಸಗಣಿ ನೀರು ಸಿಕ್ಕಿದರೆ ಚಿಮುಕಿಸಿ. ವಾರಕ್ಕೊಮ್ಮೆ ಕೋಲಿನಿಂದ ತಿರುವಿ. ವಾಸನೆ ಬಂದರೆ ನೀರು ಹೆಚ್ಚಾಗಿದೆ ಎಂದು ಅರ್ಥ. ಆಗ ಇನ್ನಷ್ಟು ತರಗೆಲೆ ಹಾಕಿ.

ಬೀಡಿ ಕಟ್ಟುವವರು ಎಲೆಯ ಚೂರು ಹಾಕಬಹುದು. ಹೊಗೆಸೊಪ್ಪಿನ ಹುಡಿ ಬೇಡ. ಅದರಿಂದ ಮೆಣಸು, ಟೊಮೆಟೊ ಗಿಡಕ್ಕೆ ರೋಗ ಬರುವುದುಂಟು. ಮೀನಿನ ಮುಳ್ಳು ಬಕೆಟಿಗೆ ಬೇಡ, ನಾಯಿ, ಇಲಿ ಬರುತ್ತವೆ. ಅದನ್ನು ತೆಂಗಿನ ಮರದ ಹತ್ತಿರ ಆಳವಾಗಿ ಹೂತುಬಿಡಿ. ಪ್ಲಾಸ್ಟಿಕ್ ಎಲ್ಲಿಗೂ ಹಾಕಬೇಡಿ.

ಎರಡು ಮೂರು ತಿಂಗಳಲ್ಲಿ ಗೊಬ್ಬರ ಕಪ್ಪಾಗುತ್ತದೆ. ಮೊದಲ ಮಳೆಯ ಮಣ್ಣಿನ ಪರಿಮಳ ಬರುತ್ತದೆ. ಎರಡು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ ಬೆರೆಸಿ. ಒಲೆಯ ಬೂದಿ ಇದ್ದರೆ ಒಂದು ಹಿಡಿ ಸೇರಿಸಿ. ಬೂದಿಯಿಂದ ಮಣ್ಣಿನ ಹುಳಿ ಕಡಿಮೆಯಾಗುತ್ತದೆ. ಆದರೆ ಪ್ಲಾಸ್ಟಿಕ್ ಸುಟ್ಟ ಬೂದಿ ಬೇಡ. ಈ ವರ್ಷ ಗೊಬ್ಬರ ತಯಾರಾಗುವ ತನಕ ಹಳೆಯ ಹಟ್ಟಿಗೊಬ್ಬರ ಬಳಸಿ.

ಈಗ ಬೆಳ್ಳುಳ್ಳಿ ನೆಡುವ. ದಪ್ಪ ಎಸಳು ಆರಿಸಿ. ಸಿಪ್ಪೆ ತೆಗೆಯಬೇಡಿ. ಚೂಪು ತುದಿ ಮೇಲೆ ಬರಲಿ. ಎರಡು ಇಂಚು ಆಳ, ನಾಲ್ಕು ಇಂಚು ದೂರ ಇರಲಿ. ನೀರು ಹದವಾಗಿ ಹಾಕಿ. ಹೆಚ್ಚಾದರೆ ಎಸಳು ಕೊಳೆಯುತ್ತದೆ. ತಿಂಗಳ ಹೊತ್ತಿಗೆ ಸೊಪ್ಪು ಕೊಯ್ಯಬಹುದು. ಬುಡದಲ್ಲಿ ಎರಡು ಇಂಚು ಬಿಟ್ಟು ಕತ್ತರಿಸಿ. ಮತ್ತೆ ಚಿಗುರುತ್ತದೆ. ಪಕ್ಕದ ಚಟ್ಟಿಗಳಲ್ಲಿ ಹರಿವೆ, ಬಸಳೆ, ಅಲಸಂಡೆ ಹಾಕಿ. ಅವು ನಮ್ಮ ಊರಿಗೆ ಒಗ್ಗಿದ ಬೆಳೆಗಳು.

ಕೊನೆಗೆ ಒಂದು ಮಾತು. ಈಗ ನಿಮಗೆ ಬರೆಯಲು ಬರುತ್ತದೆ. ನೆಟ್ಟ ದಿನ, ಕೊಯ್ದ ದಿನ ಪುಸ್ತಕದಲ್ಲಿ ಬರೆದಿಡಿ. ಯಾವ ಚಟ್ಟಿಗೆ ಎಂತ ಹಾಕಿದಿರಿ ಎಂದೂ ಬರೆಯಿರಿ. ನಾವೂ ಹಾಗೆ ಬರೆದಿದ್ದೆವು. ಅದರಿಂದಲೇ ನಮ್ಮ ತಪ್ಪು ನಮಗೆ ತಿಳಿಯಿತು. ಮುಂದಿನ ದೀಪಾವಳಿಗೆ ಆ ಪುಸ್ತಕ ತನ್ನಿ. ಒಟ್ಟಿಗೆ ಕೂತು ಓದುವ.