ದೂರದ ಡಾಕ್ಟರಿಗೆ ನಮ್ಮ ಅವ್ವನ ಕನ್ನಡ ತಿಳಿಯಲಿ

(ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರಲ್ಲ. ಪಿ.ಯು.ಸಿ. ಓದಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಅಚ್ಚು ಹಾಕುವುದು ನನ್ನ ಕಸುಬು. ಓದುವವನಿಗೆ ಅಕ್ಷರ ಮುಟ್ಟದಿದ್ದರೆ ಕಾಗದವೂ ದಂಡ, ಮಸಿಯೂ ದಂಡ. ಕಸುಬು ಕಲಿಸಿದ ಈ ಪಾಠವನ್ನು ಇವತ್ತು ಆಸ್ಪತ್ರೆಗೆ ಹಿಡಿದು ನೋಡೋಣ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕು ತಾಲ್ಲೂಕು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಹೆಸರೇನೋ ಬೆಂಗಳೂರಿನದಾಯಿತು. ಬೆಂಗಳೂರಿನ ದೊಡ್ಡ ಡಾಕ್ಟರು ನಮ್ಮ ಹಳ್ಳಿಯ ಜಗಲಿಗೆ ಬಂದರೇ?

ಬೆಳಗಾದರೆ ನೀವು ರೈಲು, ಬಸ್ಸು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತೀರಿ. ಮನೆಯಲ್ಲಿ ಉಳಿಯುವವರು ಯಾರು? ರೇಷ್ಮೆ ಹುಳು ಸಾಕಿ ಬೆನ್ನು ಬಾಗಿದ ಅಪ್ಪ. ಗೂಡು ಬೇಯಿಸುವ ಹಬೆ ಕುಡಿದು ಉಬ್ಬಸ ಹತ್ತಿದ ಅವ್ವ. ಗೊಂಬೆಗೆ ಅರಗಿನ ಬಣ್ಣ ಹಚ್ಚುತ್ತಲೇ ಮುಪ್ಪಾಗಿ, ಕಣ್ಣು ಮಂಜಾದ ತಾತ.

ಇವರಿದ್ದಲ್ಲಿಗೇ ವೈದ್ಯ ಬರುವುದು ಈಗ ಕನಸಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಕೇಂದ್ರದ ಇ-ಸಂಜೀವನಿ ಮೊಬೈಲಿನಲ್ಲೇ ಓ.ಪಿ.ಡಿ. ತೆರೆಯಿತು. ಅದಕ್ಕೆ ಕಾಸಿಲ್ಲ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಕೋಲಾರದಲ್ಲಿ ಗೃಹ ಆರೋಗ್ಯ ಯೋಜನೆ ಶುರುಮಾಡಿತು. 30 ದಾಟಿದವರ ಬಿ.ಪಿ., ಸಕ್ಕರೆಯನ್ನು ಮನೆ ಬಾಗಿಲಲ್ಲೇ ನೋಡುವ ಕೆಲಸ ಅದು. 2025ರಲ್ಲಿ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ಒಳ್ಳೆಯದೇ. ಬೇಡ ಎನ್ನುವವರು ಯಾರು?

ಆದರೆ ಒಂದು ಮಾತು ಕೇಳಿ. ಎದುರಿಗಿರುವ ಡಾಕ್ಟರಿಗೆ ಭಾಷೆ ಬಾರದಿದ್ದರೂ ಕೈ ಇದೆ. ನಾಡಿ ಹಿಡಿಯುತ್ತಾರೆ, ಹೊಟ್ಟೆ ಒತ್ತಿ ನೋಡುತ್ತಾರೆ. ಫೋನಿನ ಡಾಕ್ಟರಿಗೆ ಏನಿದೆ? ಮಾತೇ ಕೈ, ಮಾತೇ ಸ್ಟೆತಾಸ್ಕೋಪು! ಅವ್ವ "ಕಾಲು ಜೋಮು ಹಿಡಿದೈತೆ" ಎಂದರೆ ಸಕ್ಕರೆ ಕಾಯಿಲೆ ನರಕ್ಕೆ ಇಳಿದಿರಬಹುದು. "ಯಾಕೋ ಸಂಕಟ, ಮೈಯೆಲ್ಲ ಬೆವರು" ಎಂದರೆ ಎದೆನೋವೇ ಇಲ್ಲದ ಹೃದಯಾಘಾತ ಇರಬಹುದು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಹೀಗಾಗುವುದುಂಟು. ಜೋಮು ಯಾವುದು, ಸಂಕಟ ಯಾವುದು ಎಂದು ತಿಳಿಯದವರ ಕೈಗೆ ಅವ್ವನ ಜೀವ ಕೊಡುವುದೇ? ಎಪ್ಪತ್ತರ ವಯಸ್ಸಿನಲ್ಲಿ ಆಕೆ ಹಿಂದಿ ಕಲಿಯಬೇಕೇ, ಇಂಗ್ಲಿಷ್ ಕಲಿಯಬೇಕೇ? ಕಲಿಯಬೇಕಾದವರು ಸೇವೆ ಕೊಡುವವರು!

ಆಗದ ಕೆಲಸವೇನಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಫೋನ್ ಮಾಡಿದರೆ ಮನಸ್ಸಿನ ಕಾಯಿಲೆಗೆ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಅದರ ಹಿಂದೆ ನಮ್ಮ ನಿಮ್ಹಾನ್ಸ್ ಇದೆ. ಮನಸ್ಸಿಗೆ ಆಗುವ ಕನ್ನಡ ಮೈಗೆ ಏಕಾಗದು? ಕಾಸು ತೆಗೆದುಕೊಂಡು ಮನೆಗೆ ನರ್ಸು, ಫೋನಿಗೆ ಡಾಕ್ಟರು ಕೊಡುವ ಕಂಪನಿಗಳೂ ಕನ್ನಡ ಬಲ್ಲವರನ್ನೇ ಕೊಡಲಿ. ಔಷಧಿ ಚೀಟಿ ಕನ್ನಡದಲ್ಲಿರಲಿ ಎಂದು 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರವೇ ಸರ್ಕಾರವನ್ನು ಕೇಳಿತು. ನಾವೂ ಕೇಳೋಣ, ಗಟ್ಟಿಯಾಗಿ ಕೇಳೋಣ.

ಬರೀ ಘೋಷಣೆ ಕೂಗಿದರೆ ಸಾಲದು. ನಿಮಗೂ ಮೂರು ಕೆಲಸವಿದೆ.

ಒಂದು: 2020ರ ಮಾರ್ಚ್‌ನ ಟೆಲಿಮೆಡಿಸಿನ್ ನಿಯಮದಂತೆ ರೋಗಿಯ ಪರವಾಗಿ ಮನೆಯವರು ಮಾತಾಡಬಹುದು. ರಜೆಯ ದಿನ ಅವ್ವನ ಪಕ್ಕ ಕೂತು ಫೋನ್ ಮಾಡಿಸಿ. ಆಕೆಯ ಮಾತನ್ನು ನುಂಗದೆ ದಾಟಿಸಿ. ಡಾಕ್ಟರ ಹೆಸರು, ನೋಂದಣಿ ಸಂಖ್ಯೆ ಕೇಳಿ. ಕೇಳುವುದು ನಿಮ್ಮ ಹಕ್ಕು.

ಎರಡು: ಮಾತ್ರೆ ಹಾಳೆಯ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರ ಮಂಜುಗಣ್ಣಿಗೆ ಕಾಣದು. ಯಾವ ಮಾತ್ರೆ, ಯಾವ ಹೊತ್ತು, ಊಟಕ್ಕೆ ಮುಂಚೆಯೋ ಆಮೇಲೋ, ಯಾವ ಔಷಧಿ ಮೈಗೆ ಒಗ್ಗದು, ಇಷ್ಟನ್ನೂ ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. 24 ಪಾಯಿಂಟ್ ಅಕ್ಷರದಲ್ಲಿ ಖಾಲಿ ನಮೂನೆ ನಾನು ಅಚ್ಚು ಹಾಕಿಕೊಡುತ್ತೇನೆ. ಕಾಗದದ ಖರ್ಚು ನನ್ನದು, ಮನೆಮನೆಗೆ ಹಂಚುವ ಕಾಲು ನಿಮ್ಮದು.

ಮೂರು: ಎದೆ ಹಿಡಿದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಬಿದ್ದರೆ ವಿಡಿಯೋ ಮುಂದೆ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಅಪ್ಪು ಹೆಸರಿನಲ್ಲಿ 2023ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ.ಯನ್ನು ದೂರದ ಹೃದಯ ತಜ್ಞರು ನೋಡುತ್ತಾರೆ. ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ. ಅಪ್ಪು ಫೋಟೋಗೆ ಹಾರ ಹಾಕುವ ಅಭಿಮಾನಿಗಳೇ, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇದೆಯೇ ಎಂದು ನಾಳೆಯೇ ಹೋಗಿ ವಿಚಾರಿಸಿ. ಇಲ್ಲವಾದರೆ ಮನವಿ ಬರೆಯಿರಿ.

ಸೇವೆ ಮನೆ ಬಾಗಿಲಿಗೆ ಬರಲಿ. ಬರುವಾಗ ಕನ್ನಡದಲ್ಲೇ ಬರಲಿ.

ಸಿರಿಗನ್ನಡಂ ಗೆಲ್ಗೆ!