ನೆನಪಳಿದ ಮೇಲೆ ಉಳಿಯುವವನಾರು?

 

ಅರುವತ್ತು ವರುಷಗಳ ಹಿಂದೆ ಓಣಿಯಲ್ಲಿ ಚಿಣ್ಣಿಕೋಲು ಆಡುತ್ತಿದ್ದ ಹುಡುಗನೂ, ಇಂದು ಕೋಲೂರಿಕೊಂಡು ಈ ಸಭೆಗೆ ಬಂದಿರುವ ಮುದುಕನೂ ಒಬ್ಬನೋ, ಇಬ್ಬರೋ? ಪ್ರಶ್ನೆಯು ಪಂಡಿತರ ವಿನೋದದಂತೆ ತೋರಬಹುದು. ಆದರೆ ಸಾಲ ಕೊಟ್ಟವನಿಗೂ, ಮುಪ್ಪಿನ ತಂದೆತಾಯಿಗಳ ಸೇವೆಯಲ್ಲಿರುವವನಿಗೂ ಇದು ವಿನೋದವಲ್ಲ.

ದೇಹವನ್ನು ಸಾಕ್ಷಿಗೆ ಕರೆದರೆ ಅದರ ನುಡಿ ಅರೆನುಡಿ. ನೆತ್ತರಿನ ಕೆಂಪುಕಣವು ಸುಮಾರು ೧೨೦ ದಿವಸ ಬಾಳಿ ಅಳಿಯುವುದು. ಮಿದುಳಿನ ಹೊರಪದರದ ನರಕೋಶಗಳಾದರೋ ಬಹುಮಟ್ಟಿಗೆ ಹುಟ್ಟಿನಿಂದ ಮರಣದವರೆಗೂ ಅವೇ ಇರುವುವು. ಏಳು ವರುಷಕ್ಕೊಮ್ಮೆ ಇಡಿಯ ದೇಹವೇ ಹೊಸದಾಗುವುದೆಂಬ ಲೋಕದ ಮಾತು ನಿಜವಲ್ಲ.

ಆಂಗ್ಲ ತತ್ತ್ವಜ್ಞಾನಿ ಜಾನ್ ಲಾಕ್ ಎಂಬವನು ೧೬೯೪ರಲ್ಲಿ ತನ್ನ ಗ್ರಂಥದ ಎರಡನೆಯ ಮುದ್ರಣಕ್ಕೆ ಒಂದು ಅಧ್ಯಾಯವನ್ನು ಸೇರಿಸಿ, ಅರಿವು ಎಷ್ಟು ದೂರ ಹಿಂದಕ್ಕೆ ಚಾಚಬಲ್ಲುದೋ ಅಷ್ಟು ದೂರ ವ್ಯಕ್ತಿಯು ಅವನೇ ಎಂದು ಪ್ರತಿಪಾದಿಸಿದನು. ಸ್ಕಾಟ್ಲೆಂಡಿನ ಥಾಮಸ್ ರೀಡನು ೧೭೮೫ರಲ್ಲಿ ಇದಕ್ಕೆ ಒಡ್ಡಿದ ತೊಡಕು ಸೊಗಸಾದುದು. ಹಣ್ಣಿನ ತೋಟದಲ್ಲಿ ಕದ್ದು ಏಟು ತಿಂದ ಬಾಲಕನು ಮುಂದೆ ಯುವ ಅಧಿಕಾರಿಯಾಗಿ ಶತ್ರುವಿನ ಧ್ವಜವನ್ನು ಕಿತ್ತುಕೊಳ್ಳುವನು. ಆಗ ಏಟಿನ ನೆನಪುಂಟು. ಬಳಿಕ ದಂಡನಾಯಕನಾದಾಗ ಧ್ವಜದ ನೆನಪುಂಟು, ಏಟಿನ ನೆನಪಿಲ್ಲ. ಹಾಗಾದರೆ ದಂಡನಾಯಕನು ಆ ಬಾಲಕನಲ್ಲವೆನ್ನಬೇಕೆ?

ತರ್ಕವು ಇಲ್ಲಿಗೆ ನಿಂತರೂ ನಿಜಜೀವನವು ಒಂದು ದಾರುಣವಾದ ದೃಷ್ಟಾಂತವನ್ನು ಒದಗಿಸಿತು. ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ಅಪಸ್ಮಾರದ ಬಾಧೆ ಬಹಳವಾಗಿತ್ತು. ೧೯೫೩ರಲ್ಲಿ, ಅವನ ೨೭ನೆಯ ವಯಸ್ಸಿನಲ್ಲಿ, ವಿಲಿಯಂ ಸ್ಕೋವಿಲ್ ಎಂಬ ವೈದ್ಯನು ಅವನ ಮಿದುಳಿನ ಎರಡೂ ಪಕ್ಕಗಳ ಹಿಪ್ಪೊಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದುಹಾಕಿದನು. ಬಾಧೆ ಕಡಮೆಯಾಯಿತು, ಆದರೆ ಅಂದಿನಿಂದ ಹೊಸ ಸಂಗತಿಗಳು ಬಹುಮಟ್ಟಿಗೆ ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಬಾಲ್ಯವು ಉಳಿಯಿತು, ಮಾತು ಉಳಿಯಿತು, ಬುದ್ಧಿಯೂ ಉಳಿಯಿತು. ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು ಕನ್ನಡಿಯೊಳಗೆ ಮಾತ್ರ ನೋಡುತ್ತ ನಕ್ಷತ್ರದ ಆಕೃತಿಯ ಗೆರೆಗಳನ್ನು ಎಳೆಯುವ ಕೆಲಸವನ್ನು ಅವನಿಗೆ ಕೊಟ್ಟಳು. ಮೂರು ದಿವಸಗಳಲ್ಲಿ ಅವನ ಕೈ ಪಳಗಿತು. ಹಿಂದೆ ಇದನ್ನು ಮಾಡಿದ್ದೆನೆಂಬುದನ್ನು ಅವನು ಅರಿಯನು. ಕೈ ಮಾತ್ರ ಅರಿತಿತ್ತು!

ಮಹಾಜನರೇ, ಇಂಥದನ್ನು ನಮ್ಮ ಮನೆಗಳಲ್ಲಿಯೂ ಕಂಡವರುಂಟು. ಮಗನ ಹೆಸರನ್ನು ಮರೆತ ಮುದುಕನು ಮುಂಜಾನೆ ಎದ್ದು ಮೂರು ಬೆರಳುಗಳಿಂದ ವಿಭೂತಿಯನ್ನು ಧರಿಸುತ್ತಾನೆ, ಎಡದ ಅಂಗೈಯನ್ನು ಪೂಜೆಗೆ ಚಾಚುತ್ತಾನೆ. ಆದರೂ "ಈತ ನಮ್ಮ ಅಪ್ಪನಾಗಿ ಉಳಿದಿಲ್ಲ" ಎಂದು ಮನೆಯವರು ನಿಟ್ಟುಸಿರುಬಿಡುವರು. ಅವರ ದುಃಖ ಸಹಜವಾದುದು. ಆದರೆ ಆ ಮಾತು ಬಾಯಿಗೆ ಬಂದ ಮೇಲೆ ಅವನೊಡನೆ ಮಾತು ಕಡಮೆಯಾಗುವುದು, ಅವನೆದುರಿಗೇ ಅವನ ಹೊಲದ ಪಾಲಿನ ಚರ್ಚೆ ನಡೆಯುವುದು. ಇದನ್ನು ನಾನು ಒಪ್ಪಲಾರೆ. ಒಬ್ಬನ ಬಾಳು ಅವನ ನೆನಪಿನ ಪೆಟ್ಟಿಗೆಯೊಳಗೆ ಮಾತ್ರವಿಲ್ಲ. ಅವನ ಕೈಯ ರೂಢಿಯಲ್ಲಿದೆ, ನಗುವ ರೀತಿಯಲ್ಲಿದೆ, ಅವನನ್ನು ಬಲ್ಲವರಲ್ಲಿಯೂ ಹಂಚಿಕೊಂಡಿದೆ. ಅವನು ಮರೆತುದನ್ನು ನಾವು ಬಲ್ಲೆವಷ್ಟೆ? ಕಾಯಿದೆಯೂ ಇಲ್ಲಿ ತಕ್ಕಮಟ್ಟಿಗೆ ವಿವೇಕಿಯಾಗಿದೆ: ೧೮೭೨ರ ಕರಾರು ಕಾಯಿದೆಯು ಒಪ್ಪಿದ ಸಮಯದಲ್ಲಿ ಮನುಷ್ಯನು ಸ್ವಸ್ಥಚಿತ್ತನಾಗಿದ್ದನೇ ಎಂದು ಕೇಳುವುದು, ಬಳಿಕ ಅವನು ಮರೆತನೆಂಬ ಮಾತ್ರಕ್ಕೆ ಕರಾರನ್ನು ಅಳಿಸದು.

"ಗುರುತೇ ಹಿಡಿಯದವನ ಬಳಿ ಕುಳಿತು ಫಲವೇನು?" ಎಂದು ತಾವು ಕೇಳಬಹುದು. ಮೊಲೈಸನ್ನನು ೨೦೦೮ರಲ್ಲಿ, ೮೨ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಸುಝಾನ್ ಕಾರ್ಕಿನ್ ಎಂಬ ವಿದುಷಿಯು ನಾಲ್ವತ್ತು ವರುಷಗಳಿಗೂ ಮೇಲ್ಪಟ್ಟು ಅವನನ್ನು ಕಾಣುತ್ತ ಬಂದಿದ್ದಳು. ಆಕೆ ಯಾರೆಂಬುದು ಅವನಿಗೆ ಎಂದೂ ತಿಳಿಯಲಿಲ್ಲ. ಆದರೂ ಆ ಮುಖವು ಅವನಿಗೆ ತೀರ ಹೊಸದಾಗಿ ತೋರಲಿಲ್ಲ. ಹೈಸ್ಕೂಲಿನ ದಿನಗಳಿಂದ ಬಲ್ಲವಳೆಂದು ಅವನು ಭಾವಿಸಿಕೊಂಡಿದ್ದನು.