ಸಂಸಾರದ ಖರ್ಚು ಮತ್ತು ಸಾರ್ವಜನಿಕ ವಾಚನಾಲಯ
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ಸಂಬಳದ ಮಾತು ಬರುತ್ತದೆಂದು ಎಣಿಸಿ ಬಂದವರಿಗೆ ಸ್ವಲ್ಪ ನಿರಾಶೆಯಾಗಬಹುದು. ಸಂಬಳ ಹೆಚ್ಚಬೇಕೆಂದು ಈ ವೇದಿಕೆಯಿಂದ ಎಷ್ಟೋ ಸಲ ಹೇಳಿದ್ದೇವೆ, ಇನ್ನೂ ಹೇಳುತ್ತೇವೆ. ಆದರೆ ಕೈಗೆ ಬಂದ ಸಂಬಳವು ಯಾವ ತೂತಿನಿಂದ ಸೋರಿ ಹೋಗುತ್ತದೆ ಎಂಬುದನ್ನೂ ಒಂದು ದಿನ ಕುಳಿತು ನೋಡಬೇಡವೇ? ಹಲವು ತೂತುಗಳಿವೆ. ಅವುಗಳಲ್ಲಿ ಒಂದರ ವಿಷಯವನ್ನು ಮಾತ್ರ ಇಂದು ಎತ್ತಿಕೊಂಡಿದ್ದೇವೆ.

ಹೋಟೆಲಿನಲ್ಲಿ ದುಡಿಯುವವರಿಗೆ ಮುಂಗಡವೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳ ಶಾಲೆ ತೆರೆಯುವ ತಿಂಗಳು ಬಂತೆಂದರೆ ಗಲ್ಲೆಯ ಮುಂದೆ ತಲೆ ಕೆರೆಯುತ್ತ ನಿಲ್ಲುವವರು ನಾವು. ನಮ್ಮ ಸದಸ್ಯರೊಬ್ಬರು ಮಗಳ ಪರೀಕ್ಷೆಯ ಪುಸ್ತಕಗಳಿಗಾಗಿ ಮುಂಗಡ ಪಡೆದರು. ಅದು ತೀರುವ ಮೊದಲೇ ಮಗನ ಪುಸ್ತಕಕ್ಕೆ ಇನ್ನೊಂದು. ಆಮೇಲೆ ವಾರದ ರಜೆಯನ್ನು ಕಿತ್ತುಕೊಂಡರೂ ಅವರಿಗೆ ಬಾಯಿ ಬರಲಿಲ್ಲ. ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿದರೂ ಹೋಗುವಂತಿರಲಿಲ್ಲ. ಸಾಲ ಕೊಟ್ಟವನ ಮುಂದೆ ಹಕ್ಕಿನ ಮಾತನಾಡುವುದು ಎಷ್ಟು ಕಷ್ಟವೆಂದು ಸಂಘ ಕಟ್ಟಲು ಓಡಾಡಿದ ನಮಗೆ ಗೊತ್ತಿದೆ. ಸಭೆಗೆ ಬನ್ನಿ ಎಂದು ಕರೆದರೆ, "ಲೆಕ್ಕ ಚುಕ್ತಾ ಆಗಲಿ, ಆಮೇಲೆ ಬರುತ್ತೇವೆ" ಎನ್ನುವವರೇ ಹೆಚ್ಚು. ಹಾಗಿರುವಾಗ ಪುಸ್ತಕಕ್ಕೆಂದು ತೆಗೆಯುವ ಮುಂಗಡವನ್ನು ಅರ್ಧಕ್ಕೆ ಇಳಿಸಿಕೊಂಡರೂ ಅದು ಸಂಘದ ಕೆಲಸವೇ ಎಂದು ನಮ್ಮ ತಿಳಿವಳಿಕೆ.

ಒಂದು ಲೆಕ್ಕ ಹಾಕೋಣ. ಪತ್ರಿಕೆಗೆ ದಿನಕ್ಕೆ ಐದು ರೂಪಾಯಿ ಎಂದು ಹಿಡಿಯಿರಿ. ವರ್ಷಕ್ಕೆ ಸುಮಾರು 1,800 ಆಯಿತು. ಮಕ್ಕಳಿಗೆ ತಿಂಗಳಿಗೊಂದು ಕತೆಯ ಪುಸ್ತಕ, 150ರಂತೆ, ಮತ್ತೆ 1,800. ನೌಕರಿ ಪರೀಕ್ಷೆಗೆ ಓದುವ ಹುಡುಗನೋ ಹುಡುಗಿಯೋ ಮನೆಯಲ್ಲಿದ್ದರೆ ದಪ್ಪ ಪುಸ್ತಕ ನಾಲ್ಕು, 500ರಂತೆ 2,000. ಒಟ್ಟು 5,600. ನಿಮ್ಮ ಮನೆಯ ಲೆಕ್ಕ ಬೇರೆ ಇದ್ದೀತು, ಪೆನ್ಸಿಲು ಹಿಡಿದು ನೀವೇ ಕೂಡಿಸಿ. "ನಾವು ಪತ್ರಿಕೆಯನ್ನೂ ಕೊಳ್ಳುವುದಿಲ್ಲ, ಪುಸ್ತಕವನ್ನೂ ಕೊಳ್ಳುವುದಿಲ್ಲ, ನಮಗೆ ಉಳಿತಾಯವೇ" ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದಾರೆ. ಅದು ಉಳಿತಾಯವಲ್ಲ ಸ್ವಾಮಿ, ಅದು ಮಕ್ಕಳ ಹೊಟ್ಟೆ ಕಟ್ಟಿದ ಹಾಗೆ.

ಈ ಕಲ್ಕತ್ತ ನಗರದಲ್ಲಿ ಓದುವುದಕ್ಕೆ ಹಣ ಕೊಡಲೇಬೇಕೆಂದಿಲ್ಲ. 1836ರಲ್ಲಿ ಇಲ್ಲಿ ಕಲ್ಕತ್ತ ಪಬ್ಲಿಕ್ ಲೈಬ್ರರಿ ಆರಂಭವಾದಾಗ ಅದರ ಒಡೆತನದಲ್ಲಿ ಪಾಲು ಬೇಕಾದವರು 300 ರೂಪಾಯಿ ಕೊಡಬೇಕಿತ್ತು. ಆ ಕಾಲದ 300! ಮೊದಲ ಪಾಲುದಾರರು ರವೀಂದ್ರರ ತಾತ ದ್ವಾರಕಾನಾಥ ಠಾಕೂರರು. ನಮ್ಮಂಥವರು ಆ ಮೆಟ್ಟಿಲು ಹತ್ತುವ ಹಾಗಿರಲಿಲ್ಲ, ಆದರೂ ಬಡ ವಿದ್ಯಾರ್ಥಿಗಳಿಗೆ ಕೆಲಕಾಲ ಪುಕ್ಕಟೆ ಓದಲು ಬಿಡುತ್ತಿದ್ದರಂತೆ. ಅದೇ ಲೈಬ್ರರಿ 1903ರಲ್ಲಿ ಇಂಪೀರಿಯಲ್ ಲೈಬ್ರರಿಯೊಡನೆ ಸೇರಿತು. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಅದಕ್ಕೆ ರಾಷ್ಟ್ರೀಯ ಗ್ರಂಥಾಲಯವೆಂದು ಹೆಸರಾಯಿತು. 1953ರ ಫೆಬ್ರವರಿ 1ರಂದು ಮೌಲಾನಾ ಆಜಾದರು ಆಲಿಪುರದ ಬೆಲ್ವೆಡೇರ್ ಬಂಗಲೆಯಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆದರು. ಹಿಂದೆ ಬಂಗಾಳದ ಲೆಫ್ಟಿನೆಂಟ್ ಗವರ್ನರರು ವಾಸವಾಗಿದ್ದ ಮನೆ ಅದು. ಊರಿನಿಂದ ನೆಂಟರು ಬಂದರೆ ಆಲಿಪುರದ ಮೃಗಾಲಯಕ್ಕೆ ಕರೆದುಕೊಂಡು ಹೋಗಿ ಹುಲಿ ತೋರಿಸಿ ಬರುತ್ತೇವೆ. ಅದರ ಹತ್ತಿರವೇ ಇರುವ ಈ ಗ್ರಂಥಾಲಯದ ಬಾಗಿಲನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ, ಕೈ ಎತ್ತಿ? ಇರಲಿ, ಕೈ ಇಳಿಸಿ.

ಅಲ್ಲಿ ಕನ್ನಡವಿದೆ ಎಂಬುದು ನಮಗೆ ಮುಖ್ಯ. 1954ರಲ್ಲಿ ಪಾರ್ಲಿಮೆಂಟು ಮಾಡಿದ ಕಾನೂನಿನ ಪ್ರಕಾರ ಭಾರತದಲ್ಲಿ ಅಚ್ಚಾಗುವ ಪ್ರತಿಯೊಂದು ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕನು ಈ ಗ್ರಂಥಾಲಯಕ್ಕೆ ಕಳಿಸತಕ್ಕದ್ದು; 1956ರ ತಿದ್ದುಪಡಿಯಿಂದ ಪತ್ರಿಕೆಗಳೂ ಸೇರಿದವು. ಎಲ್ಲ ಪ್ರಕಾಶಕರೂ ಕಳಿಸುತ್ತಾರೆಂದಲ್ಲ, ಕಾನೂನು ಇದ್ದ ಮಾತ್ರಕ್ಕೆ ಎಲ್ಲರೂ ನಡೆಯುತ್ತಾರೆಯೇ! ಆದರೂ ಧಾರವಾಡದಲ್ಲೋ ಮಂಗಳೂರಿನಲ್ಲೋ ಅಚ್ಚಾದ ಪುಸ್ತಕವು ನಮಗಾಗಿ ಎಂಬಂತೆ ಇಷ್ಟು ದೂರ ಬಂದು ಕೂತಿದೆ. ಓದುವ ಕೋಣೆಗೆ ಹದಿನೆಂಟು ತುಂಬಿದವರು ಹೆಸರು ಬರೆಸಿ ಕಾರ್ಡು ಮಾಡಿಸಿಕೊಂಡರೆ ಸಾಕು. ಉತ್ತರ ಕಲ್ಕತ್ತದಿಂದ ದಿನವೂ ಬಸ್ಸು ಹತ್ತಿ ಹೋದರೆ ಉಳಿದದ್ದೆಲ್ಲ ಟಿಕೀಟಿಗೇ ಆದೀತು; ರಜೆಯ ದಿನಕ್ಕೆ ಇಟ್ಟುಕೊಳ್ಳಿ.

ನಿತ್ಯದ ಓದಿಗೆ ನಮ್ಮ ಓಣಿಯ ಲೈಬ್ರರಿಯೇ ಸರಿ. ಈ ಊರಿನಷ್ಟು ಪಾಡಾ ಲೈಬ್ರರಿಗಳು ಬೇರೆ ಎಲ್ಲಿಯೂ ಇಲ್ಲವೇನೋ ಎನ್ನಿಸುತ್ತದೆ. ತಾಲ್ತಲಾದಲ್ಲಿ 1882ರದೊಂದು, ಬಾಗ್‌ಬಜಾರಿನಲ್ಲಿ 1883ರದೊಂದು, ಬೀಡನ್ ಸ್ಟ್ರೀಟಿನಲ್ಲಿ 1889ರ ಚೈತನ್ಯ ಲೈಬ್ರರಿ. 1904ರಲ್ಲಿ ಹುಟ್ಟಿದ ರಾಮಮೋಹನ ಲೈಬ್ರರಿಯಂತೂ ಪುಕ್ಕಟೆ ಓದುವ ಕೋಣೆ ಎಂಬ ಮಾತನ್ನು ತನ್ನ ಹೆಸರಿಗೇ ಸೇರಿಸಿಕೊಂಡಿದೆ. ಗಂಗೆಯ ದಂಡೆಯ ಉತ್ತರಪಾಡಾದಲ್ಲಿ ಜಮೀನ್ದಾರ ಜಯಕೃಷ್ಣ ಮುಖರ್ಜಿಯವರು 1859ರಲ್ಲೇ ಸಾರ್ವಜನಿಕರಿಗೆ ಶುಲ್ಕವಿಲ್ಲದ ಗ್ರಂಥಾಲಯವನ್ನು ತೆರೆದರು. ಓಣಿಯ ಲೈಬ್ರರಿಗಳಲ್ಲಿ ಸಣ್ಣ ಚಂದಾ, ಮೇಲೊಂದು ಠೇವಣಿ ಇರುವುದುಂಟು. ಠೇವಣಿ ಬಿಡುವಾಗ ವಾಪಸು ಬರುತ್ತದೆ, ರಸೀದಿ ಮಾತ್ರ ಕಳೆಯಬೇಡಿ.

"ಅಲ್ಲಿರುವುದೆಲ್ಲ ಬಂಗಾಳಿ, ನಮಗೇನು ಪ್ರಯೋಜನ?" ಎಂದು ಕೇಳುವವರಿದ್ದಾರೆ. ನಮಗಿಲ್ಲದಿದ್ದರೆ ಮಕ್ಕಳಿಗಿದೆ. ಅವರು ಇಲ್ಲಿ ಹುಟ್ಟಿ ಇಲ್ಲಿಯ ಶಾಲೆಗೆ ಹೋಗುತ್ತಿರುವವರು. ನಮ್ಮ ಅಜ್ಜಿಯರ ಕಾಲದಲ್ಲಿ ಕನ್ನಡಿಗರು ಬಂಕಿಮಚಂದ್ರರನ್ನು ಓದಿದ್ದು ಬಿ. ವೆಂಕಟಾಚಾರ್ಯರ ಕೃಪೆಯಿಂದ. ಆ ಮಹಾನುಭಾವರು ಮೈಸೂರು ಸೀಮೆಯಲ್ಲಿದ್ದುಕೊಂಡೇ ಬಂಗಾಳಿ ಕಲಿತು ಒಂದಾದ ಮೇಲೊಂದು ಕಾದಂಬರಿಯನ್ನು ಕನ್ನಡಕ್ಕೆ ತಂದರು. ಅವರು ಅಷ್ಟು ದೂರದಿಂದ ಅಷ್ಟು ಶ್ರಮಪಟ್ಟು ತಂದದ್ದು ನಮ್ಮ ಮಕ್ಕಳಿಗೆ ಮನೆಯ ಮೂಲೆಯಲ್ಲಿ ಮೂಲದಲ್ಲೇ ಸಿಗುತ್ತದೆ.

ಕೆಲವು ಪುಸ್ತಕವನ್ನು ಕೊಳ್ಳಲೇಬೇಕು, ಅದನ್ನೂ ಹೇಳಿಬಿಡುತ್ತೇವೆ. ದಿನವೂ ಶಾಲೆಗೆ ಒಯ್ಯುವ ಪಠ್ಯಪುಸ್ತಕವನ್ನು ಎರಡು ವಾರಕ್ಕೊಮ್ಮೆ ಹಿಂದಕ್ಕೆ ಕೊಡುವ ಲೈಬ್ರರಿಯಿಂದ ತಂದು ಮಗುವನ್ನು ಅಳಿಸಬೇಡಿ. ಕಾಲೇಜ್ ಸ್ಟ್ರೀಟಿನಲ್ಲಿ ಹಳೆಯ ಪ್ರತಿ ಸಿಗುತ್ತದೆ, ಚೌಕಾಸಿ ನಮಗೆ ಬಂಗಾಳಿಗಳಷ್ಟೇ ಬರುತ್ತದೆ. ನಿಘಂಟು, ಭೂಪಟ, ಒಮ್ಮೆ ಓದಿ ಮುಗಿಸುವ ಕತೆ, ಪರೀಕ್ಷೆಯ ದಪ್ಪ ಪುಸ್ತಕ, ಪತ್ರಿಕೆ, ಇವುಗಳಿಗೆ ಲೈಬ್ರರಿ.

ಈಗ ನಿಜವಾದ ತೊಡಕಿಗೆ ಬರೋಣ. ಒಂದು ಲೈಬ್ರರಿಯಲ್ಲಿ ನಮ್ಮ ಇಬ್ಬರು ಹುಡುಗರನ್ನು ವಿಳಾಸದ ದಾಖಲೆ ಇಲ್ಲವೆಂದು ಹಿಂದೆ ಕಳಿಸಿದರು. ಅವರು ಮಲಗುವುದು ಹೋಟೆಲಿನ ಅಟ್ಟದ ಮೇಲೆ, ಆಧಾರ ಕಾರ್ಡಿನಲ್ಲಿರುವುದು ಕುಂದಾಪುರದ ವಿಳಾಸ. ಪುಸ್ತಕ ಕೊಡುವವರ ಭಯವೂ ಸುಳ್ಳಲ್ಲ. ಇಂದು ಈ ಹೋಟೆಲು, ನಾಳೆ ಆ ಹೋಟೆಲು ಎಂದು ತಿರುಗುವವನನ್ನು ಎಲ್ಲಿ ಹುಡುಕುವುದು? ಆದರೆ ತಟ್ಟೆ ತೊಳೆಯುವವನಿಗೆ ಓದುವ ಹಕ್ಕಿಲ್ಲವೆಂದು ಅರ್ಥವಾಗಬಾರದು. ಅಲ್ಲಿಯೇ ಕುಳಿತು ಓದಲು ಬಿಡಿರೆಂದು ಮೊದಲು ಕೇಳಿ. ಮನೆಗೆ ತರಲು, ಇಲ್ಲಿ ಸ್ವಂತ ವಿಳಾಸವಿರುವ ಸದಸ್ಯರೊಬ್ಬರು ಜಾಮೀನು ನಿಲ್ಲಲಿ, ಸಂಘವು ಪತ್ರ ಕೊಡಲಿ. ಪುಸ್ತಕ ಕಳೆದರೆ ಸಂಘವೇ ತೆರುತ್ತದೆಂದು ಆ ಪತ್ರದಲ್ಲಿ ಬರೆಯಬೇಕೆಂದು ಕಾರ್ಯಕಾರಿ ಸಮಿತಿಗೆ ನಮ್ಮ ಸೂಚನೆ. ಖಜಾಂಚಿಯವರು ಹುಬ್ಬು ಗಂಟಿಕ್ಕಿದ್ದು ಕಾಣಿಸಿತು.

ಇದು ಧರ್ಮಕ್ಕೆ ಸಿಗುವ ವಸ್ತುವಲ್ಲ, ಕೈ ಚಾಚುವ ಸಂಕೋಚ ಬೇಡ. ನಮ್ಮ ಕರ್ನಾಟಕದಲ್ಲಿ 1965ರ ಗ್ರಂಥಾಲಯ ಕಾನೂನಿನಂತೆ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವಿದೆ, ಈಗ ಅದು ನೂರಕ್ಕೆ ಆರು. ಬಂಗಾಳದ 1979ರ ಕಾನೂನಿನಲ್ಲಿ ಅಂಥ ಕರವಿಲ್ಲ. ಇಲ್ಲಿ ಸರ್ಕಾರದ ಬೊಕ್ಕಸದಿಂದ ಹಣ ಬರಬೇಕು. ಬೊಕ್ಕಸಕ್ಕೆ ಸಾಬೂನು ಕೊಂಡಾಗಲೂ ಮೊಬೈಲಿಗೆ ಹಣ ಹಾಕಿಸಿದಾಗಲೂ ನಾವು ಕೊಡುತ್ತಲೇ ಇದ್ದೇವೆ. ಕೊಟ್ಟು ಆಗಿದೆ, ತೆಗೆದುಕೊಳ್ಳುವುದು ಬಾಕಿ. ಆದ್ದರಿಂದಲೇ ಅಲ್ಲಿ ಏನು ನಡೆಯುತ್ತದೆಂದು ಕಣ್ಣಿಡಬೇಕು. 2012ರ ಮಾರ್ಚಿನಲ್ಲಿ ಸರ್ಕಾರಿ ನೆರವಿನ ಲೈಬ್ರರಿಗಳಲ್ಲಿ ಇಂತಿಂಥ ಪತ್ರಿಕೆಗಳನ್ನು ಮಾತ್ರ ಕೊಳ್ಳಬೇಕೆಂದು ಆಜ್ಞೆ ಹೊರಟು ದೊಡ್ಡ ಗಲಾಟೆಯಾಯಿತು. ಗ್ರಂಥಪಾಲಕರ ಹುದ್ದೆಗಳು ಖಾಲಿ ಬಿದ್ದು, ವಾರದಲ್ಲಿ ಕೆಲವೇ ದಿನ ಬಾಗಿಲು ತೆರೆಯುವ ಲೈಬ್ರರಿಗಳೂ ಇವೆ. ರಿಜಿಸ್ಟರಿನಲ್ಲಿ ಓದುಗರ ಸಹಿಯೇ ಇಲ್ಲದಿದ್ದರೆ ಮುಚ್ಚುವವರಿಗೆ ಅನುಕೂಲ.

ಇನ್ನು ವೇಳೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಒಲೆ ಹೊತ್ತಿಸುವವರೆಗೆ ನಮಗೆ ಸಿಗುವುದು ಎರಡು ತಾಸು. ಗ್ರಂಥಾಲಯ ಶಾಸ್ತ್ರದಲ್ಲಿ ದೊಡ್ಡ ಹೆಸರಾದ, ಬೆಂಗಳೂರಿನಲ್ಲಿ ನೆಲೆಸಿ 1972ರಲ್ಲಿ ಅಲ್ಲಿಯೇ ತೀರಿಕೊಂಡ ಎಸ್. ಆರ್. ರಂಗನಾಥನ್‌ರವರು 1931ರಲ್ಲಿ ಐದು ಸೂತ್ರಗಳನ್ನು ಹೇಳಿದರು; ಓದುಗನ ಸಮಯವನ್ನು ಉಳಿಸು ಎಂಬುದು ಅವುಗಳಲ್ಲೊಂದು. ಆದ್ದರಿಂದ ಬೀರುಗಳ ನಡುವೆ ಸಂಕೋಚದಿಂದ ಅಲೆಯಬೇಡಿ, ಬೇಕಾದದ್ದನ್ನು ಮೇಜಿನವರನ್ನು ಕೇಳಿ. ಹರುಕುಮುರುಕು ಬಂಗಾಳಿಯಲ್ಲಿ ದಿನಕ್ಕೆ ಇನ್ನೂರು ಗಿರಾಕಿಗಳನ್ನು ಸುಧಾರಿಸುವ ನಮಗೆ ಅದೇನು ಕಷ್ಟ.

ಕನ್ನಡ ವಾರಪತ್ರಿಕೆಗಳಿಗೆ ಮನೆಮನೆಗೂ ಚಂದಾ ಕಟ್ಟುವ ಬದಲು ಸಂಘದ ಹೆಸರಿನಲ್ಲಿ ಒಂದೊಂದು ಪ್ರತಿ ತರಿಸಿ ಸರದಿಯ ಮೇಲೆ ಓದಬಹುದು. ನಮ್ಮ ಕೋಣೆಯಲ್ಲಿರುವ ಆ ಒಂದು ಬೀರುವನ್ನು ಲೈಬ್ರರಿ ಎನ್ನಲು ಸದ್ಯ ಧೈರ್ಯವಿಲ್ಲ. ಆದರೆ 1972ರಲ್ಲಿ ಸ್ಥಾಪನೆಯಾದ ರಾಜಾ ರಾಮಮೋಹನ ರಾಯ್ ಲೈಬ್ರರಿ ಫೌಂಡೇಶನ್ ನಮ್ಮ ಸಾಲ್ಟ್ ಲೇಕಿನಲ್ಲೇ ಇದೆ. ಸೇವಾ ಸಂಸ್ಥೆಗಳು ನಡೆಸುವ ಲೈಬ್ರರಿಗಳಿಗೂ ನೆರವು ಕೊಡುವ ಯೋಜನೆ ಅವರಲ್ಲುಂಟು. ಅದರ ಷರತ್ತುಗಳನ್ನು ಕೇಳಿಕೊಂಡು ಬರಲು ಕಾರ್ಯದರ್ಶಿಗಳು ಒಪ್ಪಿದ್ದಾರೆ.

ಮುಂದಿನ ಸೋಮವಾರ ಮಧ್ಯಾಹ್ನ ಮೂರೂವರೆಗೆ ಸಂಘದ ಕೋಣೆಯಲ್ಲಿ ಕೂಡುತ್ತೇವೆ. ಎರಡು ಫೋಟೋ, ಆಧಾರದ ನಕಲು, ನೀವು ಮಲಗುವ ಜಾಗದ ವಿಳಾಸ ತನ್ನಿ. ಬರೆಯಲು ಬಾರದವರ ಫಾರಂ ನಾವು ತುಂಬುತ್ತೇವೆ. ಹೆಂಗಸರ ಹೆಸರನ್ನೂ ಬೇರೆಯಾಗಿ ಬರೆಸಿ, ಮನೆಗೊಂದೇ ಕಾರ್ಡು ಎಂಬ ನಿಯಮವಿಲ್ಲ.